ಸುಟ್ಟ ವಾಸನೆ ನನ್ನ ಮೀನಿನದಲ್ಲ

ನಮ್ಮೂರು ಮೋರ್ನ್ ರೂಜ್ ಗುಡ್ಡದ ಮೇಲಿದೆ. ನಮ್ಮ ದ್ವೀಪದ ಸಂತೆ ನಡೆಯುವ ರೋಸೋ ಪಟ್ಟಣ ಕೆಳಗೆ, ಕಡಲ ದಂಡೆಯಲ್ಲಿದೆ. ನಡುವೆ ಇಳಿಜಾರು, ಇಳಿಜಾರು ಮುಗಿದರೆ ತಿರುವು, ತಿರುವು ಮುಗಿದರೆ ಮತ್ತೆ ಇಳಿಜಾರು. ಇಂಥ ಊರಿನವರಿಗೆ ಬ್ರೇಕಿನ ವಿಚಾರ ಯಾರೂ ಹೇಳಿಕೊಡಬೇಕಾಗಿಲ್ಲ ಎಂದು ನೀವು ಅಂದುಕೊಳ್ಳಬಹುದು. ನಾವೂ ಹಾಗೇ ಅಂದುಕೊಂಡಿದ್ದೆವು.

ನಾನು ಟಿಲ್ಡಾ. ಮೀನನ್ನು ಹೊಗೆಯಲ್ಲಿ ಒಣಗಿಸಿ ಮಾರುವವಳು. ಪ್ರತಿ ಶನಿವಾರ ಕತ್ಬರ್ಟನ ಬಸ್ಸಿನಲ್ಲಿ ಸಂತೆಗೆ ಹೋಗುತ್ತೇನೆ. ಬಸ್ಸು ಎಂದರೆ ಜಪಾನಿನಲ್ಲಿ ಯಾರೋ ಓಡಿಸಿ ಬಿಟ್ಟ ಹಳೆಯ ವ್ಯಾನು. ಮುಂದಿನ ಗಾಜಿನ ಮೇಲೆ ‘ಅವಸರ ಇಲ್ಲ’ ಎಂದು ದೊಡ್ಡದಾಗಿ ಬರೆಸಿದ್ದಾನೆ. ಓಡಿಸುವವನಿಗೆ ಮಾತ್ರ ಸದಾ ಅವಸರ.

ಆ ಶನಿವಾರ ಬಸ್ಸು ಇಗರ್ಜಿ ದಾಟಿ ಇಳಿಜಾರಿಗೆ ಬಿದ್ದ ಸ್ವಲ್ಪ ಹೊತ್ತಿಗೇ ಸುಟ್ಟ ವಾಸನೆ ಬರತೊಡಗಿತು. ಹಿಂದಿನ ಸೀಟಿನಲ್ಲಿ ಗೆಡ್ಡೆ ಮಾರುವ ಯುಫೀಮಿಯಾ ಕೂತಿದ್ದಳು. ಅವಳ ಮೂಗು ಉದ್ದ, ನಾಲಿಗೆ ಅದಕ್ಕಿಂತ ಉದ್ದ.

“ಟಿಲ್ಡಾ, ಈ ಸಲ ಮೀನನ್ನ ಹೊಗೇಲಿ ಇಟ್ಟಿದ್ಯೋ, ಬೆಂಕಿಯಲ್ಲೇ ಇಟ್ಟಿದ್ಯೋ?”

“ನನ್ನ ಮೀನು ನಿನ್ನ ಮೂಗಿಗೆ ಇವತ್ತು ನಿನ್ನೆ ಪರಿಚಯ ಆಗಿದ್ದಲ್ಲ ಕಣೇ. ಇದು ಮೀನಿನ ವಾಸನೆ ಅಲ್ಲ,” ಎಂದೆ.

ಕತ್ಬರ್ಟ್ ಬಸ್ಸು ನಿಲ್ಲಿಸಿದ. “ಬೇಜಾರು ಮಾಡ್ಕೋಬೇಡಿ ಟಿಲ್ಡಕ್ಕ, ಬುಟ್ಟಿ ಮೇಲಕ್ಕೆ ಕಟ್ಟಿಬಿಡ್ತೀನಿ.”

ಬುಟ್ಟಿ ಛಾವಣಿ ಹತ್ತಿತು. ವಾಸನೆ ಸೀಟಿನಲ್ಲೇ ಉಳಿಯಿತು.

“ಮೀನು ಮೇಲಿದೆಯಲ್ಲ, ಈಗ ಯಾವ ವಾಸನೆ ಬರ್ತಿರೋದು?” ಎಂದು ಕೇಳಿದೆ.

“ಅದು ನಿಮ್ಮ ಲಂಗಕ್ಕೆ ಅಂಟ್ಕೊಂಡಿರೋದು ಅಕ್ಕ,” ಎಂದ. ಬಸ್ಸಿಗೆ ಬಸ್ಸೇ ನಕ್ಕಿತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ನನಗೆ ಮೈಯೆಲ್ಲ ಉರಿಯಿತು. ಆ ಸಿಟ್ಟಿನಲ್ಲೇ ಕಿಟಕಿಯ ಹೊರಗೆ ನೋಡುತ್ತ ಕೂತೆ. ಮೊಣಕೈ ತಿರುವು ಬಂತು. ಅಲ್ಲಿ ರಸ್ತೆ ಮಡಚಿದ ಮೊಣಕೈಯಂತೆ ತಿರುಗುತ್ತದೆ, ಎಡಕ್ಕೆ ಕಟ್ಟೆಯಿಲ್ಲ, ಕೆಳಗೆ ಬಂಡೆ ಮತ್ತು ಕಡಲು. ಒಳಕ್ಕೆ ತಿರುಗಿ ನೋಡಿದರೆ ಕತ್ಬರ್ಟ್ ಸ್ಟೀರಿಂಗನ್ನು ಬಲಕ್ಕೆ ಎಳೆದು ಹಿಡಿದಿದ್ದ. ಅವನ ಕಾಲು ಹೊಲಿಗೆ ಯಂತ್ರ ತುಳಿಯುವವರ ಕಾಲಿನಂತೆ ಪೆಡಲನ್ನು ಮತ್ತೆ ಮತ್ತೆ ತುಳಿಯುತ್ತಿತ್ತು. ಅದನ್ನು ನಾನು ಕಂಡೆ, ಆದರೆ ಅದರ ಅರ್ಥ ನನಗೆ ತಿಳಿಯಲಿಲ್ಲ.

ಮಧ್ಯಾಹ್ನ ಊರಿಗೆ ವಾಪಸು ಬಂದವಳೇ ನೇರವಾಗಿ ಕತ್ಬರ್ಟನ ಮನೆಗೆ ಹೋದೆ. ಅವನ ಹೆಂಡತಿ ಮೆಲ್ವಿನಾ ಬಿಳಿ ಗೌನಿಗೆ ಇಸ್ತ್ರಿ ಹಾಕುತ್ತಿದ್ದಳು. ಮಾರನೆಯ ದಿನ ಅವಳ ಮಗಳು ಜೋಸೆಟಳ ಮೊದಲ ಪರಮಪ್ರಸಾದ, ಮಕ್ಕಳು ಮೊದಲ ಸಲ ಇಗರ್ಜಿಯಲ್ಲಿ ಪವಿತ್ರ ರೊಟ್ಟಿ ಸ್ವೀಕರಿಸುವ ಹಬ್ಬ. ಈ ಸಲ ಬಿಷಪ್ಪರು ಪಟ್ಟಣದ ದೊಡ್ಡ ಇಗರ್ಜಿಯಲ್ಲಿ ಎಲ್ಲ ಊರಿನ ಮಕ್ಕಳಿಗೂ ಒಟ್ಟಿಗೆ ಕೊಡುವವರಿದ್ದರು. ನಮ್ಮೂರ ಮಕ್ಕಳನ್ನೆಲ್ಲ ಕರೆದೊಯ್ಯುವ ಜವಾಬ್ದಾರಿ ಕತ್ಬರ್ಟನ ಬಸ್ಸಿನದು. ಈ ಸಡಗರಕ್ಕೆಂದೇ ಮೆಲ್ವಿನಾಳ ತಂಗಿ ಫರ್ಡಿನಾ ಪಕ್ಕದ ಗ್ವಾಡಲೂಪ್ ದ್ವೀಪದಿಂದ ಹಡಗು ಹತ್ತಿ ಬಂದಿದ್ದಳು. ಅವಳು ಅಲ್ಲಿ ಒಂದು ಗ್ಯಾರೇಜಿನಲ್ಲಿ ಕೆಲಸಕ್ಕಿದ್ದಾಳೆ. ದಿನವಿಡೀ ಬ್ರೇಕ್ ಬಿಚ್ಚಿ ಜೋಡಿಸುವುದೇ ಅವಳ ಕೆಲಸ.

ನಾನು ನನ್ನ ಮೀನಿಗಾದ ಅವಮಾನವನ್ನು ವಿವರವಾಗಿ ಹೇಳಿದೆ. ಮೆಲ್ವಿನಾ ನಕ್ಕಳು. ಫರ್ಡಿನಾ ನಗಲಿಲ್ಲ.

“ವಾಸನೆ ಯಾವ ಕಡೆಯಿಂದ ಬರ್ತಿತ್ತು ಅಕ್ಕ?”

“ಎಡಗಡೆ. ಮುಂದಿನ ಚಕ್ರದ ಮೇಲೇ ನನ್ನ ಸೀಟು.”

“ಬಸ್ಸು ಆ ಕಡೆಗೇ ವಾಲ್ತಿತ್ತಾ?”

“ಎಡಕ್ಕೇ ಎಳೀತಿತ್ತು. ಅವನು ಸ್ಟೀರಿಂಗ್ ಹಿಡ್ಕೊಂಡು ಜಗ್ಗಾಡ್ತಾ ಇದ್ದ.”

ಅಷ್ಟರಲ್ಲಿ ಕತ್ಬರ್ಟನೇ ಬಂದ. ಒಂದು ಕೈಯಲ್ಲಿ ಬಕೆಟ್ಟು, ಬ್ರಷ್ಷು. ಇನ್ನೊಂದರಲ್ಲಿ ಕೊಬ್ಬರಿ ಎಣ್ಣೆಯ ಸೀಸೆ.

“ಎಲ್ಲಿಗೆ ಹೊರಟ್ರಿ ಭಾವ?” ಎಂದಳು ಫರ್ಡಿನಾ.

“ಹೊಳೆಗೆ. ನಾಳೆ ಬಿಷಪ್ಪರ ಎದುರಿಗೆ ಬಸ್ಸು ಥಳಥಳ ಅನ್ಬೇಕು.”

ನಮ್ಮಲ್ಲಿ ಹಬ್ಬ ಬಂದರೆ ಮೊದಲು ಸ್ನಾನವಾಗುವುದು ಬಸ್ಸಿಗೆ. ಗುಡ್ಡ ಇಳಿದು ಬಂದ ಗಾಡಿಯನ್ನು ನೇರವಾಗಿ ಹೊಳೆಗೆ ಇಳಿಸುತ್ತಾರೆ. ಚಕ್ರ ಮುಳುಗುವಷ್ಟು ನೀರಿನಲ್ಲಿ ನಿಲ್ಲಿಸಿ, ಹಾಡು ಹಾಕಿ, ಉಜ್ಜುತ್ತಾರೆ. ದಡದಲ್ಲಿ ಮೀನಿನ ಸಾರು ಕುದಿಯುತ್ತಿರುತ್ತದೆ. ಹೊಳೆಗಿಳಿಯದ ಗಾಡಿಗೂ ಸ್ನಾನ ಮಾಡದ ಮದುಮಗನಿಗೂ ನಮ್ಮಲ್ಲಿ ಬೆಲೆಯಿಲ್ಲ.

“ಎಣ್ಣೆ ಯಾಕೆ? ಬಸ್ಸಿಗೆ ತಲೆ ಬಾಚ್ತೀರಾ?”

“ಬ್ರೇಕಿನ ಪಿನ್ನಿಗೆ ಕಣಮ್ಮ. ಎಡಗಡೆ ಕಿರುಗುಟ್ತಿತ್ತು. ಈಸ್ಟರ್ ಹೊತ್ತಿಗೆ ನಾನೇ ಬಿಚ್ಚಿ ನಮ್ಮಮ್ಮ ಕಾಯಿಸಿದ ಎಣ್ಣೆ ಸವರಿದೆ. ಸದ್ದು ನಿಂತೇಹೋಯ್ತು. ಬಾಗಿಲಿಗೆ ಆಗುತ್ತೆ, ಮಗೂಗೆ ಶೀತ ಆದ್ರೆ ಎದೆಗೆ ಆಗುತ್ತೆ, ಬ್ರೇಕಿಗೆ ಆಗಲ್ವಾ?”

ನಿಜ ಹೇಳಬೇಕೆಂದರೆ, ಆಗುತ್ತದೆ ಎಂದೇ ನಾನೂ ನಂಬಿದ್ದೆ. ನಮ್ಮೂರಲ್ಲಿ ಕೊಬ್ಬರಿ ಎಣ್ಣೆ ಹಚ್ಚದೆ ಬಿಟ್ಟಿರುವ ವಸ್ತು ಬೈಬಲ್ ಒಂದೇ.

“ಹೊಳೆಗೆ ಆಮೇಲೆ ಹೋಗೋರಂತೆ,” ಎಂದಳು ಫರ್ಡಿನಾ. “ಮೊದಲು ಶಾಲೆ ಹತ್ರದ ಸಮತಟ್ಟು ರಸ್ತೇಲಿ ಸೇತುವೆ ತನಕ ಹೋಗಿ ವಾಪಸ್ ಬನ್ನಿ. ಬ್ರೇಕ್ ಆದಷ್ಟು ಕಡಿಮೆ ಹಿಡೀರಿ. ಕೊನೇಲಿ ಗಾಡಿ ತಾನಾಗೇ ನಿಲ್ಲಲಿ.”

“ನಾದಿನಿ ಹುಟ್ಟೋಕೆ ಮುಂಚೆಯಿಂದ ನಾನು ಗಾಡಿ ಓಡಿಸ್ತಿದ್ದೀನಿ,” ಎಂದು ಗೊಣಗಿದ. ಆದರೂ ಹೋಗಿ ಬಂದ.

ಫರ್ಡಿನಾ ಬಲಗಡೆಯ ಮುಂದಿನ ಚಕ್ರದ ಬಳಿ ಕೈ ಹಿಡಿದಳು. “ಮುಟ್ಟಬೇಡಿ. ಹಿಂಗೈಯನ್ನ ಹತ್ತಿರ ಹಿಡಿದ್ರೆ ಸಾಕು.” ಅಲ್ಲಿ ಬೆಚ್ಚಗಿತ್ತು, ಅಷ್ಟೆ. ಎಡಗಡೆಗೆ ಬಂದಳು. ನಾನೂ ಕೈ ಚಾಚಿದವಳು ಹಿಂದಕ್ಕೆ ಎಳೆದುಕೊಂಡೆ. ನನ್ನ ಮೀನಿನ ಒಲೆಯ ಮುಂದೆ ನಿಂತ ಹಾಗಿತ್ತು. ಸುಟ್ಟ ವಾಸನೆಯೂ ಅದೇ, ಬೆಳಗಿನದೇ. ಫರ್ಡಿನಾ ಬೆರಳನ್ನು ನೀರಿನಲ್ಲಿ ಅದ್ದಿ ಒಂದೇ ಒಂದು ಹನಿಯನ್ನು ಚಕ್ರದ ನಡುವಿನ ಕಬ್ಬಿಣಕ್ಕೆ ಸಿಡಿಸಿದಳು. ಹನಿ ಚುಯ್ ಎಂದು ಆರಿಹೋಯಿತು.

“ಆ ಕಡೆ ಬಿಸಿಲು ಬೀಳುತ್ತೆ,” ಎಂದ ಕತ್ಬರ್ಟ್.

“ಹೋಗುವಾಗ ಬೀಳ್ತು ಅನ್ನೋಣ. ಬರುವಾಗ ಬಸ್ಸು ತಿರುಗ್ತಲ್ಲ ಭಾವ, ಬಿಸಿಲೂ ತಿರುಗ್ತಾ?”

ನನ್ನ ಮೀನಿನ ಮಾನ ಅಲ್ಲಿಗೆ ಉಳಿಯಿತು. ಸಂತೋಷವೂ ಆಯಿತು. ಆ ಸಂತೋಷ ಹೆಚ್ಚು ಹೊತ್ತು ಬಾಳಲಿಲ್ಲ.

ಬಿಸಿ ಆರುವ ತನಕ ಯಾರೂ ಚಕ್ರ ಮುಟ್ಟಕೂಡದು ಎಂದಳು ಫರ್ಡಿನಾ. ಮೆಲ್ವಿನಾ ಕೋಕೋ ಕಾಯಿಸಿದಳು, ಕರಿದ ರೊಟ್ಟಿ ತಂದಿಟ್ಟಳು. ತಿಂದೆವು. ಆಮೇಲೆ ಬಸ್ಸನ್ನು ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕ್ ಏರಿಸಿದರು. ಜಾಕ್ ಒಂದನ್ನೇ ನಂಬಿ ಕೆಳಗೆ ಕೈ ಹಾಕಬಾರದೆಂದು ಅವಳು ಕಬ್ಬಿಣದ ಸ್ಟ್ಯಾಂಡನ್ನೂ ಆಸರೆಗೆ ಇಡಿಸಿದಳು.

“ಭಾವ, ಚಕ್ರ ತಿರುಗಿಸಿ.”

ಕತ್ಬರ್ಟ್ ಒಂದು ಕೈಯಲ್ಲಿ ತಳ್ಳಿದ. ಚಕ್ರ ಅಲುಗಲಿಲ್ಲ. ಎರಡೂ ಕೈ ಹಾಕಿದ. ಗುರ್ ಎಂದು ಗೇಣಷ್ಟು ತಿರುಗಿ ನಿಂತಿತು.

“ಯಾರೂ ಬ್ರೇಕ್ ತುಳಿದಿಲ್ಲ. ಆದ್ರೂ ಇದು ಹಿಡ್ಕೊಂಡೇ ಇದೆ,” ಎಂದಳು.

ಚಕ್ರ ಕಳಚಿದಳು. ಇಕ್ಕಳದಂತೆ ಎರಡೂ ಕಡೆಯಿಂದ ಒತ್ತುವ ಕ್ಯಾಲಿಪರ್ ಬಿಚ್ಚಿ, ಅದು ಬ್ರೇಕ್ ಪೈಪಿನಲ್ಲಿ ನೇತಾಡದಂತೆ ತಂತಿಯಿಂದ ಮೇಲೆ ಕಟ್ಟಿದಳು. ಒಳಗಿನಿಂದ ಉಜ್ಜುವ ಬಿಲ್ಲೆಗಳಾದ ಎರಡು ಪ್ಯಾಡ್ ತೆಗೆದು ಭಾವನ ಅಂಗೈಗೆ ಇಟ್ಟಳು. ಹೊರಗಿನ ಪ್ಯಾಡ್ ಬೆರಳಿನಷ್ಟು ದಪ್ಪ ಇತ್ತು. ಒಳಗಿನದು ಉಗುರಿನಷ್ಟೂ ಇರಲಿಲ್ಲ.

ಕತ್ಬರ್ಟನ ಮುಖ ಅರಳಿತು. “ನೋಡು, ಒಂದು ಚೆನ್ನಾಗೇ ಇದೆ. ಸವೆದಿದ್ದನ್ನ ತೆಗೆದು ಬೇರೆ ಹಾಕಿದ್ರೆ ಮುಗೀತು. ಹೋದ ಸಲವೂ ಹಂಗೇ ಮಾಡಿದ್ದೆ.”

“ಹೋದ ಸಲ ಹಾಕಿದ ಹೊಸ ಪ್ಯಾಡ್ ಇದರಲ್ಲಿ ಯಾವುದು?”

ಅವನು ದಪ್ಪದ್ದನ್ನು ನೋಡಿದ. ತೆಳ್ಳಗಿನದನ್ನು ನೋಡಿದ. ತೆಳ್ಳಗಿನದನ್ನೇ ಮೇಲೆತ್ತಿದ.

“ಇದು,” ಎಂದ, ದನಿ ತಗ್ಗಿಸಿ. “ಈಸ್ಟರಿಗೆ ಹಾಕಿದ್ದು.”

“ಹೊಸದು ಸವೆದು ಹಳೇದು ಉಳೀತು ಅಂದ್ರೆ ತಪ್ಪು ಪ್ಯಾಡಿಂದಲ್ಲ ಭಾವ. ಇನ್ನೊಂದು ಹಾಕಿದ್ರೆ ಅದನ್ನೂ ತಿನ್ನುತ್ತೆ. ಟಿಲ್ಡಕ್ಕ, ಆ ರೊಟ್ಟಿ ಕೊಡಿ ಇಲ್ಲಿ.”

ರೊಟ್ಟಿಯನ್ನು ಎರಡು ಅಂಗೈಗಳ ನಡುವೆ ಹಿಡಿದಳು. “ಈ ರೊಟ್ಟೀನೇ ಚಕ್ರದ ಜೊತೆ ತಿರುಗೋ ಡಿಸ್ಕ್. ನನ್ನ ಅಂಗೈಗಳು ಎರಡು ಪ್ಯಾಡ್. ಬ್ರೇಕ್ ತುಳಿದಾಗ ಎರಡೂ ಕಡೆಯಿಂದ ಸಮನಾಗಿ ಒತ್ಬೇಕು. ಬಿಟ್ಟಾಗ ಎರಡೂ ಸಡಿಲ ಆಗ್ಬೇಕು. ಕ್ಯಾಲಿಪರ್ ಈ ಎರಡು ಪಿನ್ನಿನ ಮೇಲೆ ಆ ಕಡೆ ಈ ಕಡೆ ಜಾರಿದ್ರೆ ಮಾತ್ರ ಅದು ಆಗೋದು. ಪಿನ್ನು ಜಾಮ್ ಆದ್ರೆ ಒಂದು ಅಂಗೈ ಬರೋದೇ ಇಲ್ಲ. ಇನ್ನೊಂದೇ ಒತ್ತುತ್ತೆ, ಒತ್ತಿದ್ದು ಬಿಡೋದೂ ಇಲ್ಲ. ಉಜ್ಜಿ ಉಜ್ಜಿ ಸುಡುತ್ತೆ.”

ಮೇಲಿನ ಪಿನ್ನು ಕೈಯಲ್ಲಿ ಎಳೆದರೆ ಬಂತು. ಕೆಳಗಿನದು ಬರಲಿಲ್ಲ. ಸ್ಪ್ಯಾನರ್ ಹಾಕಿ ಅತ್ತಿತ್ತ ತಿರುಗಿಸಿ ತಿರುಗಿಸಿ ಹೊರಗೆಳೆದಳು. ಅದರ ಮೈಗೆಲ್ಲ ಕಂದು ಬಣ್ಣದ ಅಂಟು, ಹಳೇ ಬೆಲ್ಲದ ಪಾಕದ ಹಾಗೆ.

“ನಿಮ್ಮಮ್ಮನ ಎಣ್ಣೆ,” ಎಂದಳು. “ತಲೆಗೆ ಒಳ್ಳೇದು. ಬ್ರೇಕಿನ ಬಿಸಿಗೆ ಕಾದು ಕಾದು ಗೋಂದಾಗುತ್ತೆ. ಇಂಜಿನ್ನಿಗೆ ಹಾಕೋ ಗ್ರೀಸೂ ಬೇಡ, ಅದರಿಂದ ರಬ್ಬರ್ ಊದ್ಕೊಳ್ಳುತ್ತೆ. ಬ್ರೇಕಿಗೆ ಅಂತಲೇ ಬೇರೆ ಗ್ರೀಸ್ ಸಿಗುತ್ತೆ. ಅದನ್ನೂ ಪಿನ್ನಿಗೆ ತೆಳ್ಳಗೆ ಸವರ್ಬೇಕು. ಪ್ಯಾಡಿನ ಉಜ್ಜೋ ಮುಖಕ್ಕೆ, ಡಿಸ್ಕಿಗೆ ಒಂದು ತೊಟ್ಟೂ ತಾಗ್ಬಾರದು.”

ಪಿನ್ನಿನ ರಬ್ಬರ್ ತೊಡುಗೆ ಹರಿದಿತ್ತು. ಒಳಗೆ ಬೆರಳಾಡಿಸಿದಳು. ಬೆರಳ ತುದಿಗೆ ಕಪ್ಪು ಮರಳು ಬಂತು. ಅದು ಎಲ್ಲಿಯ ಮರಳೆಂದು ಯಾರೂ ಹೇಳಬೇಕಾಗಿರಲಿಲ್ಲ. ನಮ್ಮ ಹೊಳೆಯದೇ.

“ಗುಡ್ಡ ಇಳಿದು ಕೆಂಡ ಆಗಿರೋ ಬ್ರೇಕನ್ನ ಸೀದಾ ತಣ್ಣೀರಿಗೆ ಇಳಿಸ್ತೀರಿ. ಹರಿದ ರಬ್ಬರಿಂದ ನೀರು, ಮರಳು ಒಳಗೆ ಹೋಗುತ್ತೆ. ಆಮೇಲೆ ತುಕ್ಕು. ಕಾದ ಡಿಸ್ಕೂ ಸೊಟ್ಟಗಾಗ್ಬಹುದು.”

“ನಮ್ಮಪ್ಪನೂ ಹೊಳೇಲೇ ತೊಳೀತಿದ್ದ,” ಎಂದ ಕತ್ಬರ್ಟ್.

“ನಿಮ್ಮಪ್ಪ ತೊಳೀತಿದ್ದಿದ್ದು ಕತ್ತೆ ಅಲ್ವೇನೋ,” ಎಂದೆ ನಾನು. ಬೆಳಗಿನ ಲಂಗದ ಮಾತು ನಾನಿನ್ನೂ ಮರೆತಿರಲಿಲ್ಲ.

ಫರ್ಡಿನಾ ಪಿನ್ನುಗಳನ್ನು ಉಜ್ಜಿ ಶುಚಿ ಮಾಡಿದಳು. ಕತ್ಬರ್ಟನಿಗೆ ಜೀವ ಬಂತು. ಆದರೆ ಅವಳು ಅಲ್ಲಿಗೆ ಬಿಡಲಿಲ್ಲ. ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ಸಡಿಲಿಸಿ, ಪ್ಯಾಡನ್ನು ಒತ್ತುವ ಪಿಸ್ಟನ್ನನ್ನು ಕ್ಲ್ಯಾಂಪ್ ಹಾಕಿ ನಿಧಾನಕ್ಕೆ ಹಿಂದೆ ತಳ್ಳಿದಳು. ಅದು ಅರ್ಧಕ್ಕೇ ಕಚ್ಚಿಕೊಂಡಿತು. ಅದರ ಸುತ್ತಲಿನ ರಬ್ಬರನ್ನು ಸರಿಸಿದರೆ ಮೈಯೆಲ್ಲ ತುಕ್ಕು.

“ಪಿನ್ನು ಒಂದೇ ಆಗಿದ್ರೆ ಇವತ್ತೇ ಸರಿಹೋಗ್ತಿತ್ತು. ಪಿಸ್ಟನ್ನೂ ಜಾಮ್ ಆಗಿದೆ. ಬೇರೆ ಕ್ಯಾಲಿಪರ್ ಬೇಕು. ಪ್ಯಾಡನ್ನ ಎರಡೂ ಚಕ್ರಕ್ಕೆ ಜೋಡಿಯಾಗೇ ಹಾಕ್ಬೇಕು. ಅಂಗಡಿ ತೆಗೆಯೋದು ಸೋಮವಾರ.”

“ಸೋಮವಾರ ಹಾಕೋಣ. ಈಗ ಇದನ್ನೇ ಜೋಡಿಸು. ನಾಳೆ ಒಂದು ದಿನ ನಿಧಾನಕ್ಕೆ ಹೋಗಿ ಬಂದ್ಬಿಡ್ತೀನಿ.”

“ನೀವು ಎಷ್ಟು ನಿಧಾನ ಹೋದ್ರೂ ಗುಡ್ಡ ಚಪ್ಪಟೆ ಆಗಲ್ಲ ಭಾವ.”

“ಪಾದ್ರಿಗೆ ಮಾತು ಕೊಟ್ಟಿದ್ದೀನಿ. ಮಕ್ಕಳೆಲ್ಲ ಬಟ್ಟೆ ಹೊಲಿಸ್ಕೊಂಡಿದ್ದಾರೆ. ಬಸ್ಸು ಇಲ್ಲ ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ?”

ಫರ್ಡಿನಾ ಕೈ ಒರೆಸಿಕೊಂಡು ಅವನ ಎದುರು ಕೂತಳು. “ಒಂದು ವಿಷಯ ಕೇಳಿ. ಬ್ರೇಕ್ ಹೀಗೇ ಹಿಡ್ಕೊಂಡು ಇಳಿಜಾರಲ್ಲಿ ಹೋದ್ರೆ ಬಿಸಿ ಏರ್ತಾನೇ ಇರುತ್ತೆ. ಕೊನೆಗೆ ಒಳಗಿರೋ ಬ್ರೇಕ್ ಆಯಿಲ್ ಕುದಿಯುತ್ತೆ. ಕುದಿದ್ರೆ ಅದರಲ್ಲಿ ಗುಳ್ಳೆ. ಆಗ ಪೆಡಲ್ ತುಳಿದ್ರೆ ಕಾಲು ಕೆಳಕ್ಕೆ ಹೋಗುತ್ತೆ, ಗಾಡಿ ಮುಂದಕ್ಕೆ ಹೋಗುತ್ತೆ. ಒಂದು ಚಕ್ರದ ಕಾಯಿಲೆ ಅಷ್ಟೇ ಅಂದ್ಕೋಬೇಡಿ. ಪೆಡಲ್ಲೇ ಕೈಕೊಡುತ್ತೆ.”

ಕತ್ಬರ್ಟ್ ಸವೆದ ಪ್ಯಾಡನ್ನು ಕೈಗೆತ್ತಿಕೊಂಡ. ಮೆಲ್ವಿನಾ ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟು ಬಾಗಿಲಿಗೆ ಬಂದಳು.

“ಕತ್ಬರ್ಟ್, ನಿನಗೆ ಯಾವತ್ತಾದ್ರೂ ಹಂಗಾಗಿದೆಯಾ?”

ಅವನು ಕೈಯಲ್ಲಿದ್ದ ತೆಳ್ಳಗಿನ ಪ್ಯಾಡನ್ನೇ ತಿರುಗಿಸುತ್ತ ಹೇಳಿದ. “ಇವತ್ತು ಬೆಳಿಗ್ಗೆ. ಮೊಣಕೈ ತಿರುವಲ್ಲಿ. ಪೆಡಲ್ ಒಂದೇ ಸಲ ಕೆಳಕ್ಕೆ ಹೋಯ್ತು. ಮತ್ತೆ ಮತ್ತೆ ತುಳಿದ್ಮೇಲೆ ಹಿಡೀತು.”

ಹೊಲಿಗೆ ಯಂತ್ರ ತುಳಿಯುವಂತಿದ್ದ ಆ ಕಾಲು ನನ್ನ ಕಣ್ಣಿಗೆ ಕಟ್ಟಿತು. ಕಟ್ಟೆಯಿಲ್ಲದ ಎಡಬದಿಯಲ್ಲಿ ನಾನೇ ಕೂತಿದ್ದೆ. ಹಿಂದೆ ಯುಫೀಮಿಯಾ, ಅವಳ ಹಿಂದೆ ಬಾಳೆಕಾಯಿಯವರು, ಮಡಿಲಲ್ಲಿ ಮಕ್ಕಳಿದ್ದವರು. ನಾವೆಲ್ಲ ಮೀನಿನ ಮೇಲೆ ಜಗಳವಾಡುತ್ತಿದ್ದೆವು. ನಾನು ಅಲ್ಲೇ ಕಲ್ಲಿನ ಮೇಲೆ ಕೂತೆ.

“ಅಯ್ಯೋ ಪಾಪಿ,” ಎಂದೆ. “ಮೀನನ್ನ ಮೇಲೆ ಕಟ್ಟಿ ನಮ್ಮನ್ನ ಕೆಳಗೆ ಸುರೀತಿದ್ಯಲ್ಲೋ. ಇಷ್ಟಾದ್ರೂ ಯಾರಿಗೂ ಹೇಳ್ಲಿಲ್ಲವಲ್ಲ.”

“ಹೇಳಿದ್ರೆ ನಾಳೆ ಯಾರು ಬಸ್ಸು ಹತ್ತುತ್ತಾರೆ ಅಂತ ಅಂದ್ಕೊಂಡೆ ಅಕ್ಕ.”

ಮೆಲ್ವಿನಾ ಕೂಗಾಡಲಿಲ್ಲ. ಬಿಳಿ ಗೌನನ್ನು ಮಡಿಸಿ ಕೈಯಲ್ಲಿ ಹಿಡಿದುಕೊಂಡಿದ್ದಳು. “ನಮ್ಮ ಜೋಸೆಟ್ ನಾಳೆ ಈ ಬಸ್ಸಲ್ಲಿ ಹೋಗಲ್ಲ,” ಎಂದಳು. “ನಮ್ಮ ಮಗಳು ಹೋಗದ ಬಸ್ಸಲ್ಲಿ ಬೇರೆಯವರ ಮಕ್ಕಳೂ ಹೋಗಲ್ಲ. ಲೆನಾಕ್ಸನ ಮನೆಗೆ ಹೋಗಿ ಕೇಳು.”

ಲೆನಾಕ್ಸ್ ಎಂದರೆ ನಮ್ಮೂರ ಇನ್ನೊಂದು ಬಸ್ಸಿನವನು. ಅವನಿಗೂ ಕತ್ಬರ್ಟನಿಗೂ ಎಣ್ಣೆ ಸೀಗೇಕಾಯಿ. ನಾನೂ ಜೊತೆಗೆ ಹೋದೆ. ಇಂಥದ್ದನ್ನು ನೋಡದೆ ಬಿಡುವವಳಲ್ಲ ನಾನು. ಲೆನಾಕ್ಸ್ ಜಗಲಿಯ ಮೇಲೆ ಕಾಲು ಚಾಚಿಕೊಂಡು ಕೂತಿದ್ದ.

“ಏನು ಕತ್ಬರ್ಟ್, ನನ್ನ ಬಸ್ಸು ಕೋಳಿಗೂಡು ಅಂತಿದ್ದೆ?”

“ಈಗಲೂ ಕೋಳಿಗೂಡೇ. ಆದ್ರೆ ನಿಲ್ಲಿಸಿದ್ರೆ ನಿಲ್ಲುತ್ತೆ. ನಂದು ನಿಲ್ಲಲ್ಲ. ನಾಳೆ ಮಕ್ಕಳನ್ನ ಕರ್ಕೊಂಡು ಹೋಗು.”

ಲೆನಾಕ್ಸ್ ಕಾಲು ಮಡಚಿ ಎದ್ದು ನಿಂತ. ಬಸ್ಸಿನ ಬೀಗದ ಕೈ ತರಲು ಒಳಗೆ ಹೋದ. ಫರ್ಡಿನಾ ಅವನ ಗಾಡಿಯನ್ನೂ ಸೇತುವೆ ತನಕ ಓಡಿಸಿ, ಚಕ್ರಗಳ ಬಳಿ ಕೈ ಹಿಡಿದು ನೋಡಿದಳು. ಎಡ ಬಲ ಎರಡೂ ಒಂದೇ ಸಮ ಬೆಚ್ಚಗಿದ್ದವು. ಪೆಡಲ್ ಗಟ್ಟಿಯಾಗಿತ್ತು.

ಭಾನುವಾರ ಮಕ್ಕಳು ಬಿಳಿ ಬಟ್ಟೆಯಲ್ಲಿ ಹಾಡುತ್ತ ಕೂತರು. ಕತ್ಬರ್ಟ್ ಪ್ರಯಾಣಿಕನಾಗಿ ನನ್ನ ಪಕ್ಕ ಕೂತ. ಪ್ರತಿ ತಿರುವಿಗೂ ಅವನ ಬಲಗಾಲು ನೆಲವನ್ನು ಒತ್ತುತ್ತಿತ್ತು.

“ಇವತ್ತು ನೀನು ಡ್ರೈವರ್ ಅಲ್ಲ. ಕಾಲು ತೆಗಿ,” ಎಂದೆ.

ಮೊಣಕೈ ತಿರುವು ಬಂತು. ಲೆನಾಕ್ಸ್ ಬ್ರೇಕ್ ಹಿಡಿದ, ಬಸ್ಸು ನೆಟ್ಟಗೆ ನಿಧಾನವಾಯಿತು, ತಿರುಗಿತು. ಮುಂದಿನ ಸೀಟಿನಲ್ಲಿ ಕೂತಿದ್ದ ಜೋಸೆಟ್ ಕಿಟಕಿಯಿಂದ ಕಡಲು ತೋರಿಸಿ ಗೆಳತಿಗೆ ಏನೋ ಹೇಳುತ್ತಿದ್ದಳು. ಕತ್ಬರ್ಟ್ ಮಗಳ ಬಿಳಿ ಮುಸುಕನ್ನೇ ನೋಡುತ್ತಿದ್ದ. ಅವನ ಕಣ್ಣು ತುಂಬಿತ್ತು. ನಾನು ಆ ಕಡೆ ತಿರುಗಿಕೊಂಡೆ, ಆಗ ಕೀಟಲೆ ಮಾಡುವ ಮನಸ್ಸು ನನಗೂ ಬರಲಿಲ್ಲ.

ಸೋಮವಾರ ಎಡಗಡೆಗೆ ಬೇರೆ ಕ್ಯಾಲಿಪರ್ ಬಂತು. ಮುಂದಿನ ಎರಡೂ ಚಕ್ರಕ್ಕೆ ಹೊಸ ಪ್ಯಾಡ್, ಹೊಸ ಬ್ರೇಕ್ ಆಯಿಲ್, ಪಿನ್ನುಗಳಿಗೆ ಸರಿಯಾದ ಗ್ರೀಸು, ಹೊಸ ರಬ್ಬರ್. ಫರ್ಡಿನಾ ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆದಳು. ಚಕ್ರವನ್ನು ಕತ್ಬರ್ಟ್ ಒಂದೇ ಕೈಯಲ್ಲಿ ತಳ್ಳಿದ, ಅದು ಸರಾಗವಾಗಿ ತಿರುಗಿತು. ಗಾಡಿ ಹೊರಡಿಸುವ ಮೊದಲು ಪೆಡಲ್ ಗಟ್ಟಿಯಾಗುವ ತನಕ ತುಳಿಸಿದಳು. ಮೊದಲು ಸಮತಟ್ಟು ರಸ್ತೆಯಲ್ಲಿ ನಿಲ್ಲಿಸಿ ನೋಡಿಸಿದಳು, ಆಮೇಲೆಯೇ ಗುಡ್ಡ.

ಈಗ ನಮ್ಮೂರ ಬಸ್ಸುಗಳು ಹೊಳೆಯೊಳಕ್ಕೆ ಇಳಿಯುವುದಿಲ್ಲ. ದಡದ ಮಾವಿನ ಮರದ ಕೆಳಗೆ ಚಕ್ರ ತಣ್ಣಗಾಗುವ ತನಕ ನಿಲ್ಲುತ್ತವೆ, ಆಮೇಲೆ ಬಕೆಟ್ಟಿನ ನೀರಿನಲ್ಲಿ ಸ್ನಾನ. ಕಾಯುವ ಹೊತ್ತಿನಲ್ಲಿ ಗಂಡಸರು ಇಸ್ಪೀಟು ಆಡುತ್ತಾರೆ. ಈ ಬದಲಾವಣೆಯನ್ನು ಅವರಲ್ಲಿ ಯಾರೂ ಬೇಡ ಎನ್ನಲಿಲ್ಲ. ಕೊಬ್ಬರಿ ಎಣ್ಣೆ ತಲೆಗೆ ಹೋಯಿತು.

ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮದು ಬಸ್ಸೋ ಕಾರೋ, ನನಗೆ ಗೊತ್ತಿಲ್ಲ. ನಿಮ್ಮೂರಲ್ಲಿ ಗುಡ್ಡ ಇಲ್ಲದೆಯೂ ಇರಬಹುದು. ಆದರೆ ಗಾಡಿ ಒಂದು ಕಡೆಗೆ ಎಳೆದರೆ, ಒಂದು ಚಕ್ರ ಇನ್ನೊಂದಕ್ಕಿಂತ ಹೆಚ್ಚು ಕಾದರೆ, ಎರಡು ಪ್ಯಾಡ್‌ಗಳಲ್ಲಿ ಒಂದೇ ಸವೆದಿದ್ದರೆ, ಸವೆದಿದ್ದನ್ನು ಮಾತ್ರ ಬದಲಾಯಿಸಿ ಸುಮ್ಮನಾಗಬೇಡಿ. ಯಾಕೆ ಸವೆಯಿತು ಎಂದು ಕೇಳಿ. ಪ್ಯಾಡ್ ಬದಲಿಸುವಾಗಲೆಲ್ಲ ಪಿನ್ನು ಜಾರುತ್ತದೆಯೇ, ರಬ್ಬರ್ ಹರಿದಿದೆಯೇ, ಪಿಸ್ಟನ್ ಹಿಂದೆ ಹೋಗುತ್ತದೆಯೇ ನೋಡಿಸಿ. ನಿಮಗೆ ಗೊತ್ತಿಲ್ಲದಿದ್ದರೆ ಗೊತ್ತಿರುವವರ ಕೈಗೆ ಕೊಡಿ. ಪೆಡಲ್ ಒಮ್ಮೆ ಮೆತ್ತಗಾದರೂ ಸಾಕು, ಗಾಡಿಯನ್ನು ಅಲ್ಲೇ ನಿಲ್ಲಿಸಿ. ನಾಚಿಕೆಯಿಂದ ಮುಚ್ಚಿಡಬೇಡಿ. ಇನ್ನೊಬ್ಬರ ಬಸ್ಸು ಕೇಳುವುದರಲ್ಲಿ ಅವಮಾನವೇನೂ ಇಲ್ಲ.

ಮತ್ತೆ, ಗಾಡಿಯಲ್ಲಿ ಸುಟ್ಟ ವಾಸನೆ ಬಂದರೆ ಮೀನಿನವಳನ್ನು ಬೈಯುವ ಮೊದಲು ಕೆಳಗಿಳಿದು ಚಕ್ರದ ಹತ್ತಿರ ಕೈ ಹಿಡಿದು ನೋಡಿ. ಆ ಮೀನಿನವಳೂ ನಿಮ್ಮ ಗಾಡಿಯಲ್ಲೇ ಕೂತಿರುತ್ತಾಳೆ.